ಅದೇ ಹೆಸರಿನ ಮತ್ತೊಬ್ಬಾಕೆ

ಅತ್ತೆಯನ್ನು ಮಂಚದಿಂದ ನೆಲಕ್ಕೆ ಇಳಿಸಿದಾಗ ಚಾಳಿನ ನಲ್ಲಿಗೆ ನೀರು ಬಂದಿತ್ತು. ಅದನ್ನು ನಾನು ಇವತ್ತಿಗೂ ದೇವರ ದಯೆಯೆಂದೇ ಎಣಿಸುತ್ತೇನೆ. ಬೇರೆ ಹೊತ್ತಾಗಿದ್ದರೆ ಹೆಂಗಸರೆಲ್ಲ ಬಾಗಿಲು ಮುಂದೆ ಮಾಡಿ ಅಡ್ಡಾಗಿರುತ್ತಿದ್ದರು, ನಾನು ಕೂಗಿದ್ದು ಯಾರಿಗೂ ಕೇಳುತ್ತಿರಲಿಲ್ಲ. ಸರತಿಯಲ್ಲಿ ನಿಂತಿದ್ದವರು ಕೊಡಗಳನ್ನು ಅಲ್ಲಲ್ಲೇ ಬಿಟ್ಟು ಓಡಿ ಬಂದರು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜೋಗೇಶ್ವರಿಯ ಆ ಚಾಳಿನಲ್ಲಿ ನಮ್ಮದು ಒಂದೇ ಕೋಣೆಯ ಖೋಲಿ. ವಿಜಾಪುರದ ಕಡೆಯಿಂದ ಬಂದವರು ನಾವು: ನಮ್ಮವರು, ನಾನು, ಅತ್ತೆ, ಇನ್ನೂ ಶಾಲೆಗೆ ಹಾಕದ ನನ್ನ ಮಗಳು. ನಮ್ಮವರು ವಿಕ್ರೋಳಿಯ ಕಾರಖಾನೆಗೆ ಹೋದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆಯೇ. ಅತ್ತೆಗೆ ವಾರದಿಂದ ಜ್ವರ. ಅಂದು ಒಮ್ಮೆಲೇ ಕೈಕಾಲು ತಣ್ಣಗಾಗಿ ಕಣ್ಣು ಮೇಲೆ ಸಿಕ್ಕಿಕೊಂಡವು. ಮೂಲೆಯ ದವಾಖಾನೆಯ ಡಾಕ್ಟರು ಬಂದು ಮುಂಗೈ ಹಿಡಿದರು, ಕೊರಳು ಮುಟ್ಟಿದರು, ಒಂದು ಸೂಜಿ ಚುಚ್ಚಿದರು. ನಾಡಿ ಕೈಗೆ ಸಿಗುತ್ತಿಲ್ಲ, ಮಗನಿಗೆ ಹೇಳಿ ಕಳಿಸಿ ಎಂದರು.

ಗೋಡೆಗೆ ಹತ್ತಿದ ಖೋಲಿಯಲ್ಲಿ ಬೆಳಗಾವಿಯ ಭಾಂಡೆ-ಪಾತ್ರೆಗಳ ವ್ಯಾಪಾರಿಯ ಹೆಂಡತಿ ಇದ್ದರು. ಇಡೀ ಚಾಳಿಗೆ ಅವರು ವೈನಿ, ಅಂದರೆ ಅತ್ತಿಗೆ. ಯಾರ ಮನೆಯಲ್ಲಿ ಏನಾದರೂ ಮೊದಲು ಅವರದೇ ದನಿ.

"ಮಾರಿ ಏನ್ ನೋಡ್ಕೋತ ನಿಂತೀಯವಾ? ಗಂಗಿ ತೆಗಿ!" ಎಂದರು.

ದೇವರ ಗೂಡಿನಲ್ಲಿ ಬೆಸುಗೆ ಹಾಕಿದ ಗಂಗೆಯ ತಾಮ್ರದ ಗಿಂಡಿ ಇತ್ತು. ಅತ್ತೆ ತಮ್ಮ ಕೊನೆಗೆಂದೇ ಅದನ್ನು ಊರಿನಿಂದ ತಂದಿದ್ದರು. ಗುಂಡುಕಲ್ಲಿನಿಂದ ಅದರ ಬಾಯಿ ಒಡೆದು, ತುಳಸಿ ಅದ್ದಿ, ತುಟಿಯ ನಡುವೆ ನೀರು ಬಿಟ್ಟೆವು. ವೈನಿ ಅಳುವುದಕ್ಕೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅತ್ತೆ ಕೆಮ್ಮಿದರು. ಕಣ್ಣು ತೆರೆದು ಸುತ್ತ ನೋಡಿ, "ಯಾರ ನನ್ನ ನೆಲಕ್ಕ ಹಾಕಿದವರು? ಥಂಡಿ ಹತ್ತಲಿಕ್ಕತ್ತದ" ಎಂದರು.

ನಮ್ಮವರು ಮನೆಗೆ ಬಂದ ಮೇಲೆ ಅತ್ತೆ ಗೋಡೆಗೆ ಒರಗಿ ಕೂತು ತಾವು ಕಂಡದ್ದನ್ನು ಹೇಳಿದರು. ಇಬ್ಬರು ಬಂದು ಎರಡೂ ರಟ್ಟೆ ಹಿಡಿದು ಕರೆದುಕೊಂಡು ಹೋದರಂತೆ. ಅಲ್ಲೊಂದು ದೊಡ್ಡ ಅಂಗಳ, ತುಂಬ ಜನ, ಯಾರೂ ಮಾತಾಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತವನೊಬ್ಬ ತಲೆ ಎತ್ತಿ ನೋಡಿ, "ಈಕಿ ಅಲ್ಲ. ಇದ ಹೆಸರಿನ ಮತ್ತೊಬ್ಬಾಕಿ" ಎಂದನಂತೆ. ಇಬ್ಬರೂ ಕೈ ಬಿಟ್ಟರು. ಬಿಟ್ಟ ಕೂಡಲೇ ನೆಲದ ಥಂಡಿ ಬೆನ್ನಿಗೆ ತಗುಲಿತಂತೆ.

ನಮ್ಮವರು ನಕ್ಕರು. "ಸೂಜಿ ಕೆಲಸ ಮಾಡೇದಬೇ ಅವ್ವಾ."

"ಸೂಜಿ ಅಲ್ರೀ, ಗಂಗಿ" ಎಂದು ಬಾಗಿಲಲ್ಲಿ ನಿಂತ ವೈನಿ ತಿದ್ದಿದರು.

ನನಗೆ ನಗು ಬರಲಿಲ್ಲ. ಆ ಹೆಸರಿನ ಮತ್ತೊಬ್ಬಾಕೆ ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು.

ನಮ್ಮ ಕಡೆ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ಆ ಹಿರಿಯರು ಹೋದ ಮೇಲೆ. ಮಗಳು ಹುಟ್ಟಿದಾಗ ಅತ್ತೆ ಊರಲ್ಲಿದ್ದರು. ಅವ್ವನ ನೆನಪು ಬಹಳ ಆಗಿ ನಮ್ಮವರು ಅವ್ವನ ಹೆಸರನ್ನೇ ಇಟ್ಟರು. ಊರಿನಲ್ಲಾಗಿದ್ದರೆ ಯಾರಾದರೂ ಮುದುಕಿಯೊಬ್ಬಳು ತೊಟ್ಟಿಲ ಹಗ್ಗ ಹಿಡಿದು ನಿಲ್ಲಿಸುತ್ತಿದ್ದಳು. ಮುಂಬಯಿಯಲ್ಲಿ ನಮಗೆ ಹೇಳುವ ಹಿರಿಯರು ಇರಲಿಲ್ಲ. ಸೊಸೆಯಾದವಳು ಅತ್ತೆಯ ಹೆಸರು ಹೇಳಬಾರದು. ಹಾಗಾಗಿ ಹೆತ್ತ ಮಗಳ ಹೆಸರು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ನಾನು ಅವಳನ್ನು ಕೂಸೇ ಎಂದೇ ಕರೆಯುತ್ತಿದ್ದೆ. ಬರೆಯುವಾಗಲೂ ಆ ಹೆಸರು ಹಾಕಲಾರೆ.

ಮರುದಿನದಿಂದ ಹೆಂಗಸರು ಬರತೊಡಗಿದರು. ಹೂವು ತಂದರು, ಕಾಯಿ ತಂದರು, ಅತ್ತೆಯ ಕಾಲು ಮುಟ್ಟಿದರು. "ಅಲ್ಲಿ ಮಟಾ ಹೋಗಿ ಬಂದ ಜೀವ. ಇಂಥಾ ಪುಣ್ಯ ಯಾರಿಗೆ ಸಿಗತದ?" ಎಂದು ವೈನಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ನಾನು ಒಲೆಯ ಮುಂದೆ ಕೂತು ಕಿವಿಗೊಟ್ಟು ಕೇಳುತ್ತಿದ್ದೆ. ಮೊದಲ ದಿನ ಹೇಳಿದಾಗ ಅವರನ್ನು ಕರೆದೊಯ್ದವರು ಬರೀ ಇಬ್ಬರು ಗಂಡಸರು ಅಷ್ಟೇ. ಆಮೇಲೆ ಅವರ ಹಣೆಗೆ ಕುಂಕುಮ ಬಂತು. ವೈನಿ "ಕೋಣ ಇತ್ತೇನ್ರಿ?" ಎಂದು ಕೇಳಿದ ಮೇಲೆ, "ಇದ್ದೀತು, ದೂರ ಏನೋ ಕರ್ರಗ ನಿಂತಿತ್ತು" ಎಂದರು ಅತ್ತೆ. ಮತ್ತೊಬ್ಬಾಕೆಯ ಮಾತು ಮಾತ್ರ ಒಂದಕ್ಷರ ಬದಲಾಗಲಿಲ್ಲ. ಉಳಿದದ್ದೆಲ್ಲ ಬೆಳೆಯುತ್ತಿರುವಾಗ ಇದೊಂದು ಇದ್ದ ಹಾಗೇ ಇದ್ದದ್ದು ನನಗೆ ಸರಿಬರಲಿಲ್ಲ.

ಒಂದು ದಿನ ಮಂದಿ ಹೋದ ಮೇಲೆ ಕೇಳಿದೆ. "ಅತ್ತಿ, ಅಲ್ಲಿ ವಿಠ್ಠಲ ಕಂಡನೇನ್ರಿ?"

ಅತ್ತೆ ದೇವರ ಗೂಡಿನ ಕಡೆ ನೋಡಿದರು. "ಇಲ್ಲವಾ. ಕಾಣಲಿಲ್ಲ."

ಇದು ನನ್ನನ್ನು ಬಹಳ ಕಾಡಿತು. ಎದ್ದರೆ ಕೂತರೆ ವಿಠ್ಠಲಾ ಎನ್ನುವ ಹೆಂಗಸು. ಆಕೆ ಹೋದ ಕಡೆ ವಿಠ್ಠಲನಿಲ್ಲ, ರಟ್ಟೆ ಹಿಡಿಯುವವರು ಇದ್ದಾರೆ ಎಂದರೆ ಅದು ಯಾವ ಜಾಗ? ಅಲ್ಲಿಂದ ಬಂದ ಮಾತನ್ನು ದೇವರ ಮಾತೆಂದು ನಂಬುವುದು ಹೇಗೆ? ಇರುವೆಗೂ ಅದರ ಪಾಲಿನ ಕಾಳು ಮುಟ್ಟಿಸುವವನಿಗೆ ಜೋಗೇಶ್ವರಿಯಲ್ಲಿ ಒಂದು ಖೋಲಿಯ ಗುರುತು ತಪ್ಪುತ್ತದೆಯೇ? ತಪ್ಪುತ್ತದೆ ಎಂದಾದರೆ ನಾನು ದಿನಾ ಯಾರಿಗೆ ದೀಪ ಹಚ್ಚುತ್ತಿದ್ದೇನೆ? ಹೀಗೆ ದೇವರ ಮುಂದೆ ಕೂತು ಅತ್ತೆಯ ಮಾತು ಸುಳ್ಳೆಂದು ತೀರ್ಮಾನ ಮಾಡುತ್ತಿದ್ದೆ. ಎದ್ದು ಈಚೆಗೆ ಬಂದರೆ ಕೂಸು ಕೆಮ್ಮುತ್ತಿತ್ತು, ತೀರ್ಮಾನ ಅಲ್ಲೇ ಕರಗುತ್ತಿತ್ತು.

ಬಾಲವಾಡಿಗೆ ಕಳಿಸುವುದನ್ನು ನಿಲ್ಲಿಸಿದೆ, ದಾರಿಯಲ್ಲಿ ರೈಲಿನ ಹಳಿ ದಾಟಬೇಕಿತ್ತು. ನಲ್ಲಿಗೆ ಹೋದರೆ ಸೊಂಟದ ಮೇಲೆ ಕೂಸು, ಕೈಯಲ್ಲಿ ಕೊಡ. "ಮಗಳು ನಡಿಯೂದ ಮರತಳೇನ?" ಎಂದು ವೈನಿ ಚುಚ್ಚಿದರು. ನಾನು ಕೊಡ ತುಂಬಿಸಿಕೊಂಡು ಬಂದೆ.

ಅತ್ತೆಯ ನಡತೆಯೂ ಬದಲಾಗಿತ್ತು. ಮೊದಲು ಮೊಮ್ಮಗಳನ್ನು ತೊಡೆ ಬಿಟ್ಟು ಇಳಿಯಲು ಬಿಡುತ್ತಿರಲಿಲ್ಲ. ಈಗ ಅವಳು ಹತ್ತಿರ ಹೋದರೆ ಮುಖ ತಿರುಗಿಸುವರು. ಆಡುತ್ತಿದ್ದರೆ ದೂರದಿಂದ ಬಿಟ್ಟ ಕಣ್ಣಿನಿಂದ ನೋಡುವರು. ನಾನು ನೋಡಿದರೆ ಕಣ್ಣು ಕೆಳಗೆ. ಊಟಕ್ಕೆ ಕರೆದರೆ ಇವತ್ತು ಏಕಾದಶಿ, ಇವತ್ತು ಗುರುವಾರ, ಇವತ್ತು ಹಸಿವಿಲ್ಲ. ಕಾಲು ಮುಟ್ಟುವವರ ಮುಂದೆ ದೊಡ್ಡಸ್ತಿಕೆಗೆ ಮಾಡುವ ಉಪವಾಸ ಎಂದುಕೊಂಡೆ. ಅದಕ್ಕೂ ಕೆಟ್ಟ ಯೋಚನೆ ಒಂದಿತ್ತು: ತಮ್ಮ ಬದಲಿಗೆ ಯಾರು ಹೋಗಬೇಕೆಂಬುದು ಈ ಹೆಂಗಸಿಗೆ ಗೊತ್ತಿದೆ, ಆ ದಾರಿಯನ್ನೇ ಕಾಯುತ್ತಿದ್ದಾರೆ.

ಒಂದು ಸಂಜೆ ರೇಷನ್ ಅಂಗಡಿಯಲ್ಲಿ ಸಕ್ಕರೆ ಬಂದಿದೆ ಎಂದರು. ಕೂಸು ಮಲಗಿತ್ತು. ಬಿಟ್ಟು ಓಡಿದೆ, ಸರತಿ ಚಿಕ್ಕದಿತ್ತು, ಅದೂ ಒಂದು ದಯೆ. ತಿರುಗಿ ಬಂದು ನೋಡಿದರೆ ಅತ್ತೆ ಕೂಸನ್ನು ಮುಂದೆ ನಿಲ್ಲಿಸಿಕೊಂಡು ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಚೀಲ ಎಲ್ಲಿ ಬಿತ್ತೋ ತಿಳಿಯದು. ಕೂಸಿನ ರಟ್ಟೆ ಹಿಡಿದು ಎಳೆದುಕೊಂಡೆ.

"ಏನ್ ಹೇಳಿದ್ರಿ ಕಿವ್ಯಾಗ?"

ಉತ್ತರ ಕೊಟ್ಟವಳು ಕೂಸು. "ಅವ್ವಾ, ಅಜ್ಜಿ ಗಮ್ಮತ್ ಕಲಸಲಿಕ್ಕತ್ತಾಳ. ದೋ ಆದಮೀ ಬರ್ತಾರಂತ. ನಾಮ್ ಕೇಳ್ತಾರಂತ. ನಾ ಏನ್ ಅನಬೇಕು ಗೊತ್ತೇನ? ನನಗ ಹೆಸರ ಇಲ್ಲ!"

ಹೇಳಿ ಕೈ ತಟ್ಟಿತು.

ನಾನು ಹಿಡಿದಿದ್ದ ರಟ್ಟೆ ಬಿಟ್ಟೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ನಿನ್ನ ಅಂಜಿಕಿ ನೀನ ಬಾಯಿ ಬಿಟ್ಟು ಹೇಳೀದಿ ಅಂತ ತಿಳದಿದ್ದೆ" ಎಂದರು. "ದಿನಾ ಕೂಸಿನ್ನ ಬಗಲಾಗ ಇಟಗೊಂಡು ತಿರಗತಿ. ನನಗ ತಿಳೀದೇನ ಯಾಕ ಅಂತ? ನಾ ಬಾಯಿ ಮುಚಗೊಂಡಿರಬೇಕಾಗಿತ್ತು. ಆ ಮಾತು ಹೇಳಿದ ಮ್ಯಾಲೆ ನೆನಪಾತು ಕೂಸಿನ ಹೆಸರು."

"ಹಂಗಿದ್ರ ಅದು ಸುಳ್ಳ ಅನ್ರಿ. ಕನಸು ಅನ್ರಿ."

"ಅಂದೇನು. ಅಂದ್ರ ಅವರು ಬರೂದು ಬಿಡತಾರೇನ?"

"ಮತ್ತ ಊಟಾ ಯಾಕ ಬಿಟ್ರಿ?"

"ಅವರಿಗೆ ಬೇಕಾದದ್ದು ಆ ಹೆಸರಿನಾಕಿ. ಒಮ್ಮೆ ತಿರುಗಿ ಕಳಸ್ಯಾರ ಖರೆ, ಈ ಸಲ ನಾನ ಮೊದಲ ಹೋಗಿ ನಿಂತ್ರ, ಬಾರವಾ ಅಂತ ಕೂಡಸ್ಕೋತಾರ. ಮುಗದ ಹೋತು. ನನಗ ದಾರಿ ನೋಡಿದ್ದದ, ಅಂಜಿಕಿ ಇಲ್ಲ."

ಅವರು ಅದನ್ನು ನಾಳೆ ವಿಲೆ ಪಾರ್ಲೆಗೆ ತಮ್ಮ ಮಗಳ ಮನೆಗೆ ಹೋಗಿ ಬರುತ್ತೇನೆ ಎನ್ನುವ ಹಾಗೆ ಹೇಳಿದರು. ಆಗ ಸರಿಯಾಗಿ ನೋಡಿದೆ. ಬಳೆಗಳು ಮೊಣಕೈಯ ತನಕ ಜಾರುತ್ತಿದ್ದವು. ಇಷ್ಟು ದಿನ ಕಾಲು ಮುಟ್ಟಲು ಬಂದ ಒಬ್ಬರೂ ಆ ಕೈ ನೋಡಿರಲಿಲ್ಲ. ಕೂಸನ್ನು ಕಾಯುತ್ತಿದ್ದ ನನ್ನ ಎದುರಿಗೇ ಇವರು ಹೋಗುತ್ತಿದ್ದರು.

ಅವರು ಕಂಡದ್ದು ನಿಜವೋ ಸುಳ್ಳೋ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ವಾದ ಮಾಡಿದರೆ ಅವರು ಉಣ್ಣುವುದಿಲ್ಲ. ನಾನು ಹೇಳಿದೆ, "ಹೆಸರಿಂದ ಬಂದದ್ದು ಹೆಸರಿಂದನ ಹೋಗಲಿ. ಕೂಸಿಗೆ ಬ್ಯಾರೆ ಹೆಸರು ಇಡೂಣು. ಸಾಲಿಗೆ ಹಾಕೂದಕ್ಕ ಮೊದಲ ಆಗಲಿ."

ನಮ್ಮವರು, "ಹುಚ್ಚು ಹಿಡದದ ಇಬ್ಬರಿಗೂ" ಎಂದರು. ಆದರೂ ಮರುದಿನ ಬೆಳಿಗ್ಗೆಯೇ ತಂಗಿಗೆ ಹೇಳಲು ವಿಲೆ ಪಾರ್ಲೆಗೆ ಹೋದರು.

ಬಂದ ಭಾನುವಾರ ಶಾಸ್ತ್ರ. ಮಾಡಿನ ಕೊಕ್ಕೆಗೆ ಸೀರೆ ಕಟ್ಟಿ ಜೋಲಿ ಮಾಡಿದೆವು. ಕೂಸಿನ ಕಾಲು ಎರಡೂ ಬದಿಗೆ ಇಳಿಬಿದ್ದವು. "ನಿಮ್ಮ ಕೂಸು ನಾಳೆ ಮದಿವಿಗೆ ಬರತದ, ಇವತ್ತ ತೊಟ್ಟಲಾ!" ಎಂದು ವೈನಿ ನಗಿಸಿದರು. ಸೋದರತ್ತೆಯಾದ ನಾದಿನಿ ಕಿವಿಗೆ ಬಾಯಿಟ್ಟು ಕುರ್ರ್ ಎಂದು ಹೊಸ ಹೆಸರು ಊದಿದಳು. ಹೆಂಗಸರೆಲ್ಲ ಶಾಸ್ತ್ರದಂತೆ ಅವಳ ಬೆನ್ನಿಗೆ ಗುದ್ದಿದರು. ದೇವರನ್ನು ನಂಬುವವಳು ಇಂಥ ಆಟ ಆಡಬಹುದೇ ಎಂಬ ಸಂಶಯ ನನಗೆ ಆಗಲೂ ಇತ್ತು. ವಿಠ್ಠಲನ ಪಟದ ಕಡೆ ನೋಡಲಿಲ್ಲ.

ಅತ್ತೆ ಗೋಡೆ ಹಿಡಿದು ಎದ್ದು ಜೋಲಿಯ ಹತ್ತಿರ ಬಂದರು. "ನಿನ್ನ ಹೆಸರೇನವಾ?" ಎಂದು ಕೇಳಿದರು.

ಕೂಸು ಗಟ್ಟಿಯಾಗಿ ಹಳೆಯ ಹೆಸರನ್ನೇ ಹೇಳಿತು.

ಖೋಲಿಯಲ್ಲಿ ನಗು ನಿಂತಿತು. ನಾದಿನಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನನ್ನ ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು; ಸುಳ್ಳೆಂದು ತೀರ್ಮಾನ ಮಾಡಿದ್ದನ್ನು ನಾನು ಪೂರಾ ನಂಬಿದ್ದೆನೆಂದು ಆಗಲೇ ಗೊತ್ತಾಯಿತು.

ಅತ್ತೆ ಮಾತ್ರ ಅಂಜಲಿಲ್ಲ. ಅಂಗೈ ಚಾಚಿದರು. "ಅದು ನಂದು. ಕೊಡು ಇಲ್ಲಿ."

ಕೂಸು ಅಜ್ಜಿಯ ಮುಖ ನೋಡಿತು. ಆಟವೆಂದುಕೊಂಡಿತೋ ಏನೋ, ಮುಷ್ಟಿ ಕಟ್ಟಿ ತಂದು ಆ ಅಂಗೈಯಲ್ಲಿ ಬಿಚ್ಚಿತು. ಅತ್ತೆ ಬೆರಳು ಮಡಿಚಿ, ಎಲೆ ಅಡಿಕೆಯ ಸಂಚಿ ಸಿಕ್ಕಿಸುವ ಕಡೆ ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡರು. "ಈಗ ಹೇಳು. ನಿನ್ನ ಹೆಸರೇನ?"

ಕೂಸು ಹೊಸದನ್ನು ಹೇಳಿತು. ನಾನೂ ಅದನ್ನೇ ಗಟ್ಟಿಯಾಗಿ ಕರೆದೆ, ಎರಡು ಸಲ. ಮಗಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಅತ್ತೆ ಎಲೆಯ ಮುಂದೆ ಕೂತರು. "ಬಡಸವಾ" ಎಂದರು. ನಾನು ಹೋಳಿಗೆ ಹಾಕಿ, ತುಪ್ಪ ಬಿಟ್ಟು, ಎದುರಿಗೇ ಕೂತೆ. ಬೇರೆಯವರಿಗೆ ಬಡಿಸಲು ಏಳಲಿಲ್ಲ. ತುತ್ತು ಬಾಯಿಗೆ ಹೋಯಿತೋ ಎಲೆಯ ಕೆಳಗೆ ಹೋಯಿತೋ ನೋಡಬೇಕಿತ್ತು.

"ಏನ್ ನೋಡತಿ, ನುಂಗಲಿಕ್ಕತ್ತೇನಿ" ಎಂದರು ಅತ್ತೆ.

ನಾನು ನೋಡುತ್ತಲೇ ಇದ್ದೆ.