ಐನಾ ತಂದುಕೊಂಡ ಹೆಸರು

ಏಳು ದಿನದ ಮಗಳ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುವುದು ರೋಂಕೆಗೆ ಚಟವಾಗಿಬಿಟ್ಟಿತ್ತು. ಉಸಿರು ಬೆಚ್ಚಗೆ ತಾಗುತ್ತಿತ್ತು. ಆದರೂ ಐದು ನಿಮಿಷ ಕಳೆದರೆ ಕೈ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಹೆರಿಗೆಯಲ್ಲಿ ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಂಡಿತ್ತು. ನೀಲಿಗಟ್ಟಿದ ಆ ಮುಖ ಅವಳ ಕಣ್ಣಿಂದ ಸರಿಯುತ್ತಲೇ ಇರಲಿಲ್ಲ.

ಅದನ್ನು ಕಂಡದ್ದು ಅವಳು ಮತ್ತು ಆಸ್ಪತ್ರೆಯ ದಾದಿ, ಇಬ್ಬರೇ. ಅವಳು ಯಾರಿಗೂ ಹೇಳಿರಲಿಲ್ಲ, ಗಂಡ ಲಾನ್ರೆಗೂ. ಹೇಳಿದರೆ ಹೆಸರಿನ ಮಾತು ಅಲ್ಲಿಗೇ ಮುಗಿಯಿತು. ಬಳ್ಳಿ ಸುತ್ತಿಕೊಂಡು ಬಂದ ಹೆಣ್ಣಿಗೆ ಅವರ ಜನರಲ್ಲಿ ಐನಾ ಎಂದೇ ಹೆಸರು. ಮಗು ಮೇಲಿನಿಂದಲೇ ತಂದುಕೊಂಡ ಹೆಸರದು, ಯಾರೂ ಆರಿಸುವಂತಿಲ್ಲ. ನಾಳೆ ಎಂಟನೆಯ ದಿನ, ಹಿರಿಯರು ಮಗುವಿನ ನಾಲಿಗೆಗೆ ಜೇನು, ಉಪ್ಪು ಮುಟ್ಟಿಸಿ ಹೆಸರು ಕೂಗುತ್ತಾರೆ. ಆಮೇಲೆ ಲೇಗೋಸಿನ ಈ ಬೀದಿಯಲ್ಲಿ ರೋಂಕೆಯನ್ನೂ ಐನಾಳ ತಾಯಿ ಎಂದೇ ಕರೆಯುತ್ತಾರೆ. ದಿನಕ್ಕೆ ನೂರು ಸಲ ಆ ಹೆಸರು ಕಿವಿಗೆ ಬೀಳಬೇಕು, ನೂರು ಸಲ ಆ ಮುಖ ಎದ್ದು ಬರಬೇಕು. ಅವಳಿಂದಾಗದು.

"ಮಗು ಹೇಗೆ ಬಂತಮ್ಮ? ಕಾಲು ಮುಂದಾಗೋ, ಬಳ್ಳಿ ಸುತ್ಕೊಂಡೋ?" ಎಂದು ಅತ್ತೆ ಮೊದಲ ದಿನವೇ ಕೇಳಿದ್ದರು.

"ಎಲ್ಲರ ಹಾಗೇ ಬಂತು ಅತ್ತೆ."

"ಸರಿ ಹಾಗಾದ್ರೆ, ಹೆಸರು ನಮ್ಮ ಕೈಲಿದೆ. ನಿಮ್ಮಾವ ಪಟ್ಟಿ ಬರೀತಾ ಕೂತಿದಾರೆ. ಅಷ್ಟೂ ಇಡಬೇಕಂದ್ರೆ ಇವಳು ಹತ್ತು ಸಲ ಹುಟ್ಟಬೇಕು."

ಅತ್ತೆಗೆ ಹೇಳಿದ ಸುಳ್ಳನ್ನು ಹೇಗೋ ನುಂಗಿಕೊಂಡಾಳು. ಗಂಟಲಲ್ಲಿ ಸಿಕ್ಕಿಕೊಂಡಿದ್ದವಳು ಅಬೆಯೊಕುಟಾ ಊರಿನ ದೊಡ್ಡಮ್ಮ. ಅವಳ ಹೆಸರೇ ಐನಾ.

ರೋಂಕೆಯ ಶಾಲೆಯ ರಜೆಗಳೆಲ್ಲ ಕಳೆದದ್ದು ದೊಡ್ಡಮ್ಮನ ಬಣ್ಣದ ಅಂಗಳದಲ್ಲಿ. ಮರಗೆಣಸಿನ ಗಂಜಿಯಲ್ಲಿ ಕೋಳಿಗರಿ ಅದ್ದಿ ಬಿಳಿ ಬಟ್ಟೆಯ ಮೇಲೆ ಹಕ್ಕಿ, ಎಲೆ ಬಿಡಿಸಿ, ಒಣಗಿದ ಮೇಲೆ ನೀಲಿಯ ಹರವಿಯಲ್ಲಿ ಮುಳುಗಿಸುವುದು ಅವಳ ಕಸುಬು. ಮೊಣಕೈವರೆಗೂ ನೀಲಿ, ಉಗುರುಗಳಂತೂ ಕಡುಗಪ್ಪು. ಆ ಕೈಯಲ್ಲೇ ಬಿಸಿ ಅಲಸಂದೆವಡೆ ಮುರಿದು ರೋಂಕೆಯ ಬಾಯಿಗಿಡುತ್ತಿದ್ದಳು. ಹುದುಗಿದ ಬಣ್ಣದ ಆ ಹುಳಿ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ರೋಂಕೆಗೆ ಈಗಲೂ ಹಸಿವಾಗುತ್ತದೆ.

ದೊಡ್ಡಮ್ಮನ ಹಟದ ಕತೆಗಳನ್ನು ಅಂಗಳದ ಹೆಂಗಸರು ಕೆಲಸ ಮಾಡುತ್ತಲೇ ಹೇಳುತ್ತಿದ್ದರು. ಮಿಷನ್ ಶಾಲೆಗೆ ಸೇರಿಸಿದಾಗ ಮೇಷ್ಟ್ರು ಐನಾ ಎಂಬುದನ್ನು ಹೊಡೆದು ಹಾಜರಿ ಪುಸ್ತಕದಲ್ಲಿ ಗ್ರೇಸ್ ಎಂದು ಬರೆದರಂತೆ. ಒಂದು ವರ್ಷಪೂರ್ತಿ ಮೊದಲ ಬೆಂಚಿನಲ್ಲಿ ಕೂತೂ ಅವಳು ಗೈರುಹಾಜರೇ. ಗ್ರೇಸ್ ಎಂದು ಕೂಗಿದರೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಮೇಷ್ಟ್ರೇ ಸೋತು ಹಳೆಯ ಹೆಸರು ಬರೆದುಕೊಂಡರು.

ಒಂಬತ್ತು ವರ್ಷದ ರೋಂಕೆ ಒಮ್ಮೆ ಬಟ್ಟೆ ಹಿಂಡುತ್ತಾ ಕೇಳಿದ್ದಳು, "ದೊಡ್ಡಮ್ಮಾ, ಹುಟ್ತಾನೇ ಸಾಯ್ತಿದ್ದೆ ಅಂತ ದಿನಾ ನೆನಪು ಮಾಡೋ ಹೆಸರಲ್ವಾ? ಭಯ ಆಗಲ್ವಾ?"

"ಭಯ ಯಾಕೇ? ನೀವೆಲ್ಲ ಬರಿಗೊರಳಲ್ಲಿ ಬಂದ್ರಿ. ನಾನು ಸರ ಹಾಕ್ಕೊಂಡೇ ಬಂದೆ. ಹಿಂಡು ಸರಿಯಾಗಿ, ನೀರು ಸೋರ್ತಿದೆ."

ಹೆಂಗಸರೆಲ್ಲ ನಕ್ಕಿದ್ದರು. ದೊಡ್ಡಮ್ಮ ಮಾತ್ರ ನಗಲಿಲ್ಲ, ತಲೆಯೆತ್ತಿ ಹಗ್ಗಕ್ಕೆ ಬಟ್ಟೆ ಹರವುತ್ತಿದ್ದಳು.

ಮದುವೆಯಾದ ಮೇಲೆ ಆ ಅಂಗಳಕ್ಕೆ ಹೋದದ್ದು ಎರಡೇ ಸಲ. ನಾಳೆ ದೊಡ್ಡಮ್ಮನೂ ಬರುವವಳಿದ್ದಾಳೆ. ತನ್ನ ಹೆಸರಿನ ಮಗುವನ್ನು ಎತ್ತಿಕೊಂಡು, ಅದು ತನ್ನ ಹೆಸರಿನದೆಂದು ತಿಳಿಯದೆ, ಬೇರೆ ಯಾವುದೋ ಹೆಸರು ಕರೆದು ಮುದ್ದಾಡುತ್ತಾಳೆ. ಅದನ್ನು ನೋಡುತ್ತಾ ನಿಲ್ಲುವುದೂ ರೋಂಕೆಯಿಂದಾಗದು. ಅಡುಗೆಮನೆಯಲ್ಲಿ ಅತ್ತೆ ನಾಳೆಗೆ ಗೆಣಸು ಹೆಚ್ಚುತ್ತಿದ್ದರು. ರೋಂಕೆ ಬಾಗಿಲು ಮುಂದೆ ಮಾಡಿ ಫೋನ್ ಕೈಗೆತ್ತಿಕೊಂಡಳು.

"ದೊಡ್ಡಮ್ಮಾ, ಮಗು ಬಳ್ಳಿ ಸುತ್ಕೊಂಡು ಬಂತು. ಯಾರಿಗೂ ಹೇಳಿಲ್ಲ ನಾನು."

ಆ ಕಡೆ ನೀರು ಸುರಿಯುವ ಸದ್ದು ನಿಂತಿತು.

"ಎಷ್ಟು ಸುತ್ತು?"

"ಎರಡು."

"ನಂದು ಒಂದೇ. ಮೀರಿಸಿಬಿಟ್ಟಳಲ್ಲೇ ನನ್ನ." ಕೊಡ ಕೆಳಗಿಟ್ಟ ಸದ್ದಾಯಿತು. "ಹೆದರಿದ್ಯಾ ಮಗಳೇ?"

"ಇನ್ನೂ ಹೆದರ್ತಾನೇ ಇದೀನಿ."

"ಒಬ್ಬಳೇ ಹೆದರ್ಬೇಡ. ನಿಮ್ಮತ್ತೆಗೆ ಫೋನ್ ಕೊಡು, ನಾನು ಹೇಳ್ತೀನಿ."

"ಬೇಡ ದೊಡ್ಡಮ್ಮ. ನಾನೇ ಹೇಳ್ತೀನಿ. ನೀನು ಫೋನ್ ಇಡಬೇಡ, ಅಷ್ಟೇ," ಎಂದು ರೋಂಕೆ ಬಾಗಿಲು ತೆರೆದಳು.