ಹಗುರ ಸ್ಟ್ಯಾಂಡಿನ ಸಂಜೀವಪ್ಪ

ಊರೂರು ತಿರುಗಿ ಫೋಟೋ ತೆಗೆಯುವ ಹಿಂದೂಪುರದ ಸಂಜೀವಪ್ಪ ಬೆಲ್ಲದ ಮೂಟೆಯನ್ನು ಒಂದೇ ಹೆಗಲಿಗೆ ಏರಿಸುವ ಆಳು; ಆದರೆ ಕ್ಯಾಮೆರಾಕ್ಕೆ ಮೂರು ಕಾಲಿನ ಸ್ಟ್ಯಾಂಡು ಕೊಳ್ಳಲು ನಿಂತನೆಂದರೆ ಹೂವಿಗಿಂತ ನಾಜೂಕು. ತೇಗದ್ದು ಭಾರವೆಂದು ಮೂಗು ಮುರಿಯುತ್ತಾನೆ, ತಗಡಿನದು ನಡುಗುತ್ತದೆಂದು ತಲೆಯಾಡಿಸುತ್ತಾನೆ. ಒಂದೊಂದನ್ನೂ ಮಡಿಸಿ ಕಂಕುಳಲ್ಲಿಟ್ಟುಕೊಂಡು ಅಂಗಡಿ ತುಂಬ ಓಡಾಡುತ್ತಾನೆ. “ಇನ್ನೂ ಹಗುರಾದ್ದು ಇಲ್ವೇನಪ್ಪಾ?” ಎಂದು ರಾಗ ಎಳೆದರೆ ಅಂಗಡಿಯ ಕೊಟ್ಟೂರಪ್ಪ, “ಗಾಳೀನೇ ಮಡಿಸಿ ಕೊಟ್ಬುಡ್ಲಾ ಸಂಜೀವಪ್ಪಾ?” ಎಂದು ನಗುತ್ತಾನೆ. ಅಂತೂ ಒಂದು ದಿನ ಕೊಡೆಯಷ್ಟುದ್ದಕ್ಕೆ ಮಡಚುವ ಅಲ್ಯುಮಿನಿಯಂ ಸ್ಟ್ಯಾಂಡೊಂದು ಅವನ ಮನಸ್ಸಿಗೆ ಹಿಡಿಸಿತು. ಮರುದಿನವೇ ಹೆಂಡತಿ ಗಂಗಾದೇವಿಯನ್ನೂ ಕರೆದುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದ. ಅಲ್ಲಿನ ದೊಡ್ಡ ಮನೆಗಳ ಹೆಂಗಸರು ಪರಗಂಡಸಿನ ಎದುರು ನಿಲ್ಲುವವರಲ್ಲ. ಒಂದು ಫೋಟೋ ಕೂಡ ಇಲ್ಲದೆ ಎಷ್ಟೋ ಮಂದಿ ಕಣ್ಣು ಮುಚ್ಚಿದ್ದರು. ಅದಕ್ಕೇ ಅವನು ಗಂಗಾದೇವಿಗೆ ಕ್ಯಾಮೆರಾ ಕಲಿಸಿದ್ದ. ಅಂಗಡಿಯಲ್ಲಿ ತೂಗಿ ನೋಡಿದ್ದೆಲ್ಲ ಅವಳ ಕೈಗೆಂದೇ. ಅಂಥದೊಂದು ಮನೆ ತಲುಪಿದಾಗ ಅವಳು ಕ್ಯಾಮೆರಾ ಹಿಡಿದು, ಸ್ಟ್ಯಾಂಡನ್ನು ಕಂಕುಳಿಗೇರಿಸಿ ಒಳಂಗಳಕ್ಕೆ ಹೋದಳು, ಅವನು ಜಗಲಿಯಲ್ಲೇ ಉಳಿದ. ಒಳಗಿನಿಂದ ತೆಲುಗು-ಕನ್ನಡ ಬೆರೆತ ಅವಳ ದನಿ ಕೇಳಿತು: “ತಲೆ ಎತ್ತು ಅವ್ವಾ. ಕದಲೊದ್ದು, ಅಲ್ಲಾಡ್‌ಬ್ಯಾಡ ಕಣಮ್ಮ.” ಜಗಲಿಯ ಮೇಲೆ ಸಂಜೀವಪ್ಪ ಉಸಿರು ಬಿಗಿಹಿಡಿದು, ತಲೆ ಎತ್ತಿ, ಅಲುಗಾಡದೆ ಕುಳಿತ.