ಕೇಳದೆ ಕೊಡದ ಮದ್ದು

ನನ್ನ ಓರಗಿತ್ತಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ, ನಾನು ಅಕ್ಕ ಎನ್ನುವವಳಿಗೆ, ಕೆಚ್ಚಲು ಬಾವಿನ ಮದ್ದು ಗೊತ್ತು. ಕರು ಹಾಕಿದ ಹಸುವಿನ ಕೆಚ್ಚಲು ಊದಿಕೊಂಡು ಕಲ್ಲಾದರೆ ಬೆಳಗೋಡು ಕಡೆಯ ನಾಲ್ಕಾರು ಊರಿನವರು ಇವತ್ತಿಗೂ ಮೊದಲು ಬರುವುದು ಅವಳ ಬಾಗಿಲಿಗೆ. ಡಾಕ್ಟರಿಗೆ ಫೋನು ಆಮೇಲೆ. ಮದ್ದಿಗೆ ಅವಳು ಏನನ್ನೂ ತೆಗೆದುಕೊಳ್ಳುವುದಿಲ್ಲ, ಮದ್ದು ಕೊಟ್ಟ ಮನೆಯಲ್ಲಿ ಕಾಫಿಯನ್ನೂ ಕುಡಿಯುವುದಿಲ್ಲ. ಆದರೆ ಒಂದು ಕಟ್ಟುಪಾಡು ಇದೆ. ಆ ಹಸುವಿನ ಹಾಲು ಕರೆಯುವವರೇ ಬಂದು ಬಾಯಿಬಿಟ್ಟು ಕೇಳಬೇಕು. ಕೇಳದೆ ಕೊಟ್ಟ ಮದ್ದು ಹತ್ತುವುದಿಲ್ಲವಂತೆ. ಮದ್ದನ್ನು ಕಲಿಸಿದ ನಮ್ಮ ಅತ್ತೆ ಈ ಕಟ್ಟುಪಾಡನ್ನೂ ಜೊತೆಗೇ ಕಲಿಸಿ ಹೋದರು.

ನನಗೆ ಕಲಿಸಲಿಲ್ಲ. ಒಂದು ಸಲ ಕೇಳಿದ್ದಕ್ಕೆ, "ನಿಂಗೆ ಮೂಗಿನ ತುದೀಲೇ ಕೋಪ ಐತೆ. ಮದ್ದು ಕೊಡೋರಿಗೆ ತಾಳ್ಮೆ ಬೇಕು ಕಣಮ್ಮ" ಎಂದಿದ್ದರು. ಆಗ ಸಿಟ್ಟು ಬಂದಿತ್ತು. ಆದರೆ ಅವರು ಹೇಳಿದ್ದು ಸುಳ್ಳೇನಲ್ಲ.

ನಮ್ಮೆರಡು ಮನೆಗಳ ನಡುವೆ ಇರುವುದು ಒಂದು ದಾಸವಾಳದ ಬೇಲಿ ಅಷ್ಟೇ. ಎರಡು ವರ್ಷದ ಹಿಂದೆ ಅಕ್ಕನ ಕೋಳಿಗಳು ಬೇಲಿ ನುಗ್ಗಿ ನನ್ನ ಶುಂಠಿ ಪಾತಿಯನ್ನೆಲ್ಲ ಕೆದಕಿ ಹಾಕಿದವು. ನಾನು ಅಂದೆ, ಅವಳು ಅಂದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾನು, "ಮದ್ದು ಗೊತ್ತೈತೆ ಅಂತ ಬಾಳ ಮೆರೀಬೇಡ. ನನ್ನ ಹಸ ಸತ್ರೂ ನಿನ್ನ ಬಾಗಿಲಿಗೆ ಬರಲ್ಲ" ಎಂದುಬಿಟ್ಟೆ. ನಾಲಿಗೆಗೆ ಎಲುಬಿಲ್ಲ, ನೋಡಿ. ಅಕ್ಕ ತಿರುಗಿ ಒಳಗೆ ಹೋದಳು. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಈ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ನಮ್ಮ ಕಂದು ಹಸು ಹೆಣ್ಣುಕರು ಹಾಕಿತು. ಅದು ಆ ಹಸುವಿನ ಎರಡನೆಯ ಕರು. ಕೊಟ್ಟಿಗೆಯಲ್ಲಿ ಇದ್ದದ್ದು ಅದೊಂದೇ ಹಸು, ನಾನೇ ಕರುವಿನಿಂದ ಸಾಕಿದ್ದು. ನನ್ನ ಗಂಡ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಹಗಲೆಲ್ಲ ನಾನು ಮಾತಾಡುತ್ತಿದ್ದದ್ದು ಆ ಹಸುವಿನ ಜೊತೆಗೇ. ನನ್ನ ಬೈಗುಳವನ್ನೆಲ್ಲ ಮೆಲುಕು ಹಾಕುತ್ತಾ ಕೇಳಿಸಿಕೊಳ್ಳುತ್ತಿತ್ತು, ಪಾಪ.

ಕರು ಹಾಕಿ ಎಂಟು ದಿನವಾಗಿತ್ತು. ಬೆಳಿಗ್ಗೆ ಕರೆಯಲು ಕೂತರೆ ಹಿಂದಿನ ಬಲಮೊಲೆಯಲ್ಲಿ ಹಾಲು ಒಡೆದು ಗಂಟುಗಂಟಾಗಿ ಬಂತು. ಕೆಚ್ಚಲಿನ ಆ ಭಾಗ ಕಾದು ಗಟ್ಟಿಯಾಗಿತ್ತು. ಕರು ಬಾಯಿ ಹಾಕಿದರೆ ಹಸು ಝಾಡಿಸಿ ಒದೆಯುತ್ತಿತ್ತು.

"ಹೋಗಿ ಅತ್ತಿಗೇನ ಒಂದ್ಮಾತು ಕೇಳು" ಎಂದ ನನ್ನ ಗಂಡ.

"ನೀವೇ ಕೇಳಿ."

"ನಾನು ಕೇಳಿದ್ರೆ ಆಗುತ್ತಾ? ಕರೆಯೋಳು ನೀನು. ನೀನೇ ಹೋಗ್ಬೇಕು."

"ಲೋಳೆಸರ, ಅರಿಶಿನ, ಸುಣ್ಣ. ಅದೇನು ಬ್ರಹ್ಮವಿದ್ಯೆನಾ? ನಾನೇ ಅರೀತೀನಿ" ಎಂದೆ.

ಮದ್ದು ಅಷ್ಟೇ, ಅದರಲ್ಲಿ ಗುಟ್ಟೇನೂ ಇರಲಿಲ್ಲ. ಅತ್ತೆ ಒರಳಲ್ಲಿ ಅರೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆದರೆ ದೂರದಿಂದ ನೋಡಿದವಳಿಗೆ ಅಳತೆ ಗೊತ್ತಿರುತ್ತದೆಯೇ? ಅಡಕೆ ಗಾತ್ರದ ಸುಣ್ಣ ಹಾಕಬೇಕಾದ ಕಡೆ ನಾನು ಒಂದು ಹಿಡಿ ಹಾಕಿದೆ. ಬೇಗ ವಾಸಿಯಾಗಲಿ ಎಂಬ ಆಸೆ. ನೀರು ಬೆರೆಸಿ ತೆಳ್ಳಗೆ ಮಾಡಿ ದಿನಕ್ಕೆ ಎಂಟು ಹತ್ತು ಸಲ ಹಚ್ಚಬೇಕು, ಪ್ರತಿಸಲವೂ ಒಳಗಿನ ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ತೆಗೆದು ತೊಳೆದ ಮೇಲೆಯೇ ಹಚ್ಚಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಗೋಡೆಗೆ ಮಣ್ಣು ಮೆತ್ತಿದ ಹಾಗೆ ದಪ್ಪಗೆ ಮೆತ್ತಿ, ಮೆತ್ತಿದ್ದು ಕಿತ್ತುಹೋಗಬಾರದು ಎಂದು ಆ ಮೊಲೆಯನ್ನು ಮುಟ್ಟಲೇ ಇಲ್ಲ.

ಹಸು ನರಳುವುದು ಕೇಳಿಸಿತೋ ಏನೋ, ಅವತ್ತು ಮಧ್ಯಾಹ್ನ ಬೇಲಿಯ ಆಚೆ ಅಕ್ಕ ಬಂದು ನಿಂತಳು. ಹೂವು ಕೀಳುವವಳ ಹಾಗೆ ನಿಂತಿದ್ದಳು, ಕೈಯಲ್ಲಿ ಬುಟ್ಟಿ ಇರಲಿಲ್ಲ. ಎರಡು ಸಲ ಕೆಮ್ಮಿದಳು. ನಾನು ಕೊಟ್ಟಿಗೆಯ ಒಳಗೆ ಬೆನ್ನು ಹಾಕಿ ಕೂತು, ಗೊಬ್ಬರ ಬಾಚುವ ಸದ್ದು ಜೋರು ಮಾಡಿದೆ. ಎದ್ದು ಹತ್ತು ಹೆಜ್ಜೆ ಹೋಗಿದ್ದರೆ ಸಾಕಿತ್ತು. ಹೋಗಲಿಲ್ಲ.

ಮಾರನೆಯ ದಿನ ಸುಣ್ಣಕ್ಕೆ ಮೊಲೆಯ ಚರ್ಮ ಸುಟ್ಟು ಬಿರಿದಿತ್ತು. ಹಸು ಕೈ ಇಡಲು ಬಿಡಲಿಲ್ಲ, ಮೇವು ಮುಟ್ಟಲಿಲ್ಲ. ಡಾಕ್ಟರಿಗೆ ಹೇಳೋಣ ಎಂದ ಗಂಡ. ಸಂಜೆವರೆಗೆ ನೋಡೋಣ, ಇಳಿಯುತ್ತದೆ ಎಂದೆ ನಾನು. ಡಾಕ್ಟರು ಬಂದು ಹೋದರೆ ಅಕ್ಕನಿಗೆ ನನ್ನ ಮದ್ದು ಹತ್ತಲಿಲ್ಲ ಎಂದು ಗೊತ್ತಾಗುತ್ತದಲ್ಲ! ಹಸುವಿನ ಜೀವ ಹೋಗುತ್ತಿರುವಾಗ ನಾನು ಯೋಚಿಸುತ್ತಿದ್ದದ್ದು ಇದನ್ನು. ಬರೆಯಲೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ನನ್ನನ್ನು ಕೇಳದೆಯೇ ಗಂಡ ಫೋನ್ ಮಾಡಿದ. ಡಾಕ್ಟರು ಮಧ್ಯಾಹ್ನದೊಳಗೆ ಬಂದರು. ಕೆಚ್ಚಲು ಮುಟ್ಟಿ ನೋಡಿದರು. ಮೊದಲು ಕೆಂಡದಂತಿದ್ದದ್ದು ಈಗ ತಣ್ಣಗಾಗಿ ನೀಲಿಗಟ್ಟಿತ್ತು. ನಾನು ಹಚ್ಚಿದ್ದು ಏನು, ಹೇಗೆ ಎಂದು ಕೇಳಿ ತಿಳಿದುಕೊಂಡರು.

"ಈ ಮದ್ದು ನಾವೂ ಹೇಳ್ತೀವಮ್ಮ, ಬೇಡ ಅನ್ನಲ್ಲ. ಆದ್ರೆ ಹಾಲು ಹಿಂಡದೆ ಹಚ್ಚಿದ್ರೆ ಕೀವು ಒಳಗೇ ಉಳಿಯುತ್ತೆ. ಗೊತ್ತಿರೋರನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ನಾನು ಬೇಲಿಯ ಕಡೆ ನೋಡದೆ ನಿಂತೆ. ಅವರು ಇಂಜೆಕ್ಷನ್ ಕೊಟ್ಟರು, ಬಾಟಲಿ ಏರಿಸಿದರು. ನಂಜು ಮೈಗೇರಿದೆ, ಭರವಸೆ ಇಟ್ಟುಕೊಳ್ಳಬೇಡಿ ಎಂದು ಗಂಡನಿಗೆ ಮಾತ್ರ ಕೇಳಿಸುವ ಹಾಗೆ ಹೇಳಿ ಹೋದರು. ನನಗೂ ಕೇಳಿಸಿತು. ಸಂಜೆ ಹಾಲು ಕರೆಯುವ ಹೊತ್ತಿಗೆ ಹಸು ನನ್ನ ತೊಡೆಯ ಮೇಲೆ ಕತ್ತು ಚಾಚಿ ಸತ್ತುಹೋಯಿತು.

ಸಾವಿನ ಮನೆಗೆ ಯಾರೂ ಕರೆಯಬೇಕಿಲ್ಲ. ಅಕ್ಕ ಬಂದಳು. ಕೊಟ್ಟಿಗೆಯ ಹೊಸ್ತಿಲು ದಾಟಿ, ನನ್ನ ಎದುರಿಗೇ ಕೂತು, ಸತ್ತ ಹಸುವಿನ ಕೆಚ್ಚಲಿನ ಮೇಲೆ ಕೈಯಿಟ್ಟಳು. ಅವಳ ಬೆರಳೆಲ್ಲ ಅರಿಶಿನದಿಂದ ಹಳದಿಯಾಗಿತ್ತು.

"ಮೂರು ದಿನದಿಂದ ಅರೆದು ಇಟ್ಕೊಂಡು ಕೂತಿದ್ನಲ್ಲೇ" ಎಂದಳು. "ಬೆಳಿಗ್ಗೆ ಅರೆಯೋದು, ಸಂಜೆ ಚೆಲ್ಲೋದು. ಈಗ ಬತ್ತಾಳೆ, ಈಗ ಬತ್ತಾಳೆ ಅಂತ. ಬೇಲಿ ಹತ್ರ ಬಂದು ಕೆಮ್ಮಿದ್ದು ನಿಂಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು."

ಅವಳು ಕೆಚ್ಚಲಿನ ಮೇಲಿಟ್ಟ ಕೈ ಹಿಂತೆಗೆದುಕೊಂಡಳು.

"ಕೇಳ್ದೆ ಕೊಟ್ರೆ ಹತ್ತಲ್ಲ ಅಂದಿದ್ರು ಅತ್ತೆ. ಹತ್ಲಿ ಬಿಡ್ಲಿ, ನಾನೇ ನುಗ್ಗಿ ಬಂದು ಹಚ್ಬುಡಬೋದಿತ್ತು. ನಂಗೂ ಧೈರ್ಯ ಬರ್ಲಿಲ್ಲ ಕಣೆ. ಮೂಕ ಪ್ರಾಣಿನ ಇಬ್ರೂ ಸೇರಿ ಕೊಂದ್ಬುಟ್ವಿ."

ಅವಳನ್ನು ಬೈಯಬೇಕು ಅನಿಸಿತು. ಬೈಗುಳ ಬಾಯಿತನಕ ಬಂದದ್ದೂ ನಿಜ. ಆದರೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು, ನನಗಿಂತ ಹೆಚ್ಚು. ತಪ್ಪಿನ ಬಹುಪಾಲು ನನ್ನದು ಎಂದು ಗೊತ್ತಿದ್ದೂ ಅರ್ಧವನ್ನು ತನ್ನ ಮೇಲೆ ಹಾಕಿಕೊಂಡವಳಿಗೆ ನಾನು ಏನನ್ನಲಿ?

ಮೂಲೆಯಲ್ಲಿ ಕಟ್ಟಿದ್ದ ಕರು ಹಸಿವಿನಿಂದ ಕೂಗುತ್ತಿತ್ತು. ನಾನು ಎದ್ದು ಕಣ್ಣೊರೆಸಿಕೊಂಡೆ.

"ಅಕ್ಕ, ಕರೂಗೆ ನಿಮ್ಮ ಹಸೂನ ಹಾಲು ಒಂಚೂರು ಕೊಡ್ತೀಯಾ?"

ಎರಡು ವರ್ಷದಲ್ಲಿ ನಾನು ಅವಳಲ್ಲಿ ಬಾಯಿಬಿಟ್ಟು ಕೇಳಿದ ಮೊದಲ ಮಾತು ಅದು. ಮೂರು ದಿನ ಮೊದಲು ಕೇಳಿದ್ದರೆ ಕರು ತಾಯಿಯ ಹಾಲನ್ನೇ ಕುಡಿಯುತ್ತಿತ್ತು.